ಮಲಗದ ಸಾಲು

ಕಮತಗಿಯ ಸಂಗವ್ವನ ಹಿತ್ತಲಿನ ಉಳ್ಳಾಗಡ್ಡಿ ಯಾರ ಕಣ್ಣಲ್ಲೂ ನೀರು ತರಿಸುತ್ತಿರಲಿಲ್ಲ. ಕಟಕ ರೊಟ್ಟಿಯ ಜೊತೆ ಹಸಿಯದನ್ನೇ ಗುದ್ದಿ ಒಡೆದು ಕಚ್ಚಿದರೆ ಬಾಯಿ ತುಂಬ ತಂಪು, ಆಮೇಲೆ ಸಣ್ಣಗೆ ಒಂದು ಸಿಹಿ. ಓಣಿಯ ಮುದುಕರು ಹಲ್ಲಿಲ್ಲದ ಬಾಯಲ್ಲೂ ಅದನ್ನು ಮೆಲುಕು ಹಾಕುತ್ತಿದ್ದರು.

"ಏನ್ ಉಳ್ಳಾಗಡ್ಡಿಬೇ ಸಂಗಕ್ಕ ನಿಂದು!" ಎಂದು ಪಕ್ಕದ ಮನೆಯ ದೌಲತಬಿ ಗೋಡೆಯ ಆಚೆಯಿಂದ ಕೂಗುತ್ತಿದ್ದಳು. "ಗಂಡನ ಮುಂದ ಸುಳ್ಳ ಸುಳ್ಳ ಅಳಬೇಕಂದ್ರ ಇದನ್ನ ಹೆಚ್ಚಿ ಉಪಯೋಗಿಲ್ಲ ನೋಡು."

"ಅಳಾಕ ಉಳ್ಳಾಗಡ್ಡಿ ಯಾಕ ಬೇಕಬೇ, ಕನ್ನಡಿ ನೋಡ್ಕೋ ಸಾಕು" ಎನ್ನುತ್ತಿದ್ದಳು ಸಂಗವ್ವ, ತಲೆ ಎತ್ತದೆ, ಕುರುಪಿಯಿಂದ ಹುಲ್ಲು ಕೀಳುತ್ತ.

ಇಬ್ಬರೂ ಒಂದೇ ವಾರಿಗೆಯವರು. ದೌಲತಬಿ ಸೂಲಗಿತ್ತಿ. ಆ ಓಣಿಯ ಅರ್ಧ ಮಂದಿ ಅವಳ ಕೈಯಲ್ಲೇ ಮೊದಲ ಉಸಿರು ತೆಗೆದುಕೊಂಡವರು. ಸಂಗವ್ವನ ಮಗ ಹೊಳಬಸಪ್ಪನೂ ಅವರಲ್ಲೊಬ್ಬ. ಅವನೀಗ ನಡುಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ.

ಉಳ್ಳಾಗಡ್ಡಿ ಬೆಳೆಯುವುದರಲ್ಲಿ ಸಂಗವ್ವನಿಗೆ ಅವಳದೇ ನೇಮಗಳಿದ್ದವು. ಶಿವಯೋಗ ಮಂದಿರಕ್ಕೆ ಅಮಾವಾಸ್ಯೆಗೆ ಹೋದಾಗಲೆಲ್ಲ ಮಲಪ್ರಭೆಯ ದಂಡೆಯಿಂದ ಒಂದು ಚೀಲ ಬಿಳಿ ಉಸುಕು ತಂದು ಉಳ್ಳಾಗಡ್ಡಿಯ ಮಡಿಗೆ ಬೆರೆಸುತ್ತಿದ್ದಳು. ಸರಕಾರಿ ಗೊಬ್ಬರ ಹಾಕುತ್ತಿರಲಿಲ್ಲ, ಒಲೆಯ ಬೂದಿಯನ್ನೂ ಸೋಕಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ನಸುಕಿನಲ್ಲಿ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸಿ, ಲಿಂಗಕ್ಕೆರೆದ ನೀರನ್ನು ಬೋಗುಣಿಯಲ್ಲಿ ಹಿಡಿದು ತಂದು ಗೋಡೆಯ ಪಕ್ಕದ ಮೊದಲ ಸಾಲಿಗೆ ಅಂಗೈಯಿಂದಲೇ ಹನಿಸುತ್ತಿದ್ದಳು, ಒಂದೊಂದು ಗಡ್ಡೆಗೆ ಒಂದೊಂದು ಬೊಗಸೆ. ಆ ನೀರನ್ನು ಯಾರೂ ತುಳಿಯಬಾರದು. ತುಳಿಯದ ಜಾಗವೆಂದರೆ ಮಡಿಯ ಸಾಲು. ಉಳಿದ ಸಾಲುಗಳಿಗೆ ಬಾವಿಯ ನೀರು. ಗಡ್ಡೆ ಬಲಿತು ತಾಳಿನ ಕುತ್ತಿಗೆ ಬಾಗಿ ನೆಲಕ್ಕೊರಗಿದ ದಿನ ನೀರು ಬಂದ್.

"ಕುತ್ತಿಗಿ ಬಿದ್ದ ಮ್ಯಾಲೆ ಹನಿ ನೀರೂ ತೋರಸಬ್ಯಾಡ" ಎಂದು ಸೊಸೆ ಶಿವಲಿಂಗವ್ವನಿಗೆ ಹೇಳುತ್ತಿದ್ದಳು. "ಮಲಗೂ ಹೊತ್ತಿಗೆ ಮಲಗಬೇಕು. ನೀರು ಬೀಳತಿದ್ರ ಅದು ನಿಂತ ಇರತೈತಿ."

ಶಿವಲಿಂಗವ್ವ ಹುನಗುಂದದ ಕಡೆಯ ಹುಡುಗಿ; ಮಾತು ಕಡಿಮೆ. ಅವಳಿಗೆ ಹುಟ್ಟಿದ ಎರಡು ಕೂಸುಗಳೂ ಅಳಲಿಲ್ಲ. ಎರಡನ್ನೂ ದೌಲತಬಿಯೇ ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿದ್ದಳು. ಎರಡೂ ಅಳದೆಯೇ ಹೋದವು. ಬಾವಿಯ ಹತ್ತಿರ ಯಾರೋ ಒಬ್ಬಳು ಅವಳ ಬೆನ್ನ ಹಿಂದೆ, ಅವಳಿಗೆ ಕೇಳಲೆಂದೇ, "ಆ ಮನ್ಯಾಗ ಉಳ್ಳಾಗಡ್ಡಿನೂ ಅಳಸಂಗಿಲ್ಲ, ಕೂಸೂ ಅಳಂಗಿಲ್ಲ" ಎಂದಿದ್ದಳು. ಆ ಮಾತನ್ನು ಶಿವಲಿಂಗವ್ವ ಕೊಡದ ಜೊತೆ ಮನೆಗೆ ಹೊತ್ತು ತಂದಳು. ಕೊಡ ಇಳಿಯಿತು, ಮಾತು ಇಳಿಯಲಿಲ್ಲ.

ಎಪ್ಪತ್ತೆಂಟರ ಹಿಂಗಾರಿಯಲ್ಲಿ ಉಳ್ಳಾಗಡ್ಡಿಯ ಎಳೆ ಅಗಿ ನೆಡುವಾಗ ಅವಳು ಮೂರನೆಯ ಸಲ ಬಸುರಿ. ಎಂಟನೆಯ ತಿಂಗಳಲ್ಲಿ ಊರ ಮಠದ ಸಂಗಯ್ಯನವರು ಬಂದು ಹೊಟ್ಟೆಯಲ್ಲಿದ್ದ ಕೂಸಿಗೆ ಲಿಂಗ ಕೊಟ್ಟರು. ಹುಟ್ಟುವ ಮೊದಲೇ ಕೂಸಿಗೆ ಅದರದೇ ಲಿಂಗ. ಹುಟ್ಟುವ ತನಕ ಅದರ ಪರವಾಗಿ ಮನೆಯವರೇ ಪೂಜಿಸಿ, ಹುಟ್ಟಿದ ಮೇಲೆ ಅದರ ಕೊರಳಿಗೆ ಕಟ್ಟುವುದು ಅವರಲ್ಲಿ ನಡೆದುಬಂದ ಪದ್ಧತಿ. ಹೊಸ ಲಿಂಗ, ಕಪ್ಪಗೆ, ನುಣ್ಣಗೆ, ಯಾರ ಬೆರಳೂ ಸವೆಸದ್ದು. ಸಂಗವ್ವ ಅದನ್ನು ಕೆಂಪು ಸೀರೆಯ ತುಂಡಿನಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟಳು.

"ಈ ಸಲ ಪೂಜಾ ನಾ ಮಾಡ್ತೇನಿ" ಎಂದಳು. "ಕೂಸಿನ ಉಸುರು ನನ್ನ ಅಂಗೈಯಾಗ ಐತಿ ತಿಳಕೋ. ನಾ ಬಿಡಂಗಿಲ್ಲ."

ಒಂದು ಸಂಜೆ ಕಾಳು ಹಸನು ಮಾಡುತ್ತ ಕೂತಾಗ, ತನ್ನ ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಂಡಿದ್ದ ಬೆಳ್ಳಿಯ ಕರಡಿಗೆ ಮುಟ್ಟಿಕೊಂಡು, ಮತ್ತೊಂದು ಮಾತು ಹೇಳಿದಳು.

"ನನ್ನ ಬೆಳ್ಳಿ ಕರಡಗಿ ಕೂಸಿಗಿ ಇರಲಿ. ನಾಳಿ ಪೂಜಾ ಆದ ಮ್ಯಾಲೆ ಅದರ ಲಿಂಗ ಅದರಾಗ ಇಡ್ತೇನಿ. ನನಗ ಅರಿವಿ ಸಾಕು."

"ಈಗ ಯಾಕ್ರಿ ಅತ್ತಿ? ಹುಟ್ಟಿದ ಮ್ಯಾಲೆ ಕೊಟ್ರಾತು."

"ಹುಟ್ಟಿದ ಮ್ಯಾಲೆ ನಾ ಇರಬೇಕಲ್ಲ?"

ಸಂಗವ್ವ ನಗುತ್ತ ಅಂದದ್ದು. ಶಿವಲಿಂಗವ್ವನೂ ನಕ್ಕಳು.

ಮರುದಿನ ನಸುಕಿನಲ್ಲಿ ಮಗ್ಗಕ್ಕೆ ಕೂಡಲು ಎದ್ದ ಹೊಳಬಸಪ್ಪ, ಜಗಲಿಯ ಮುಂದೆ ಗೋಡೆಗೊರಗಿ ಕೂತ ತಾಯಿಯನ್ನು ಕಂಡ. ಪೂಜೆ ಮುಗಿದಿತ್ತು. ಹಣೆಯ ವಿಭೂತಿ ಒಣಗಿತ್ತು. ಬೋಗುಣಿಯ ನೀರು ಮಾತ್ರ ಹಾಗೇ ಇತ್ತು; ಸಾಲಿಗೆ ಹನಿಸಲು ಎದ್ದಿರಲಿಲ್ಲ. ಕರೆದ, ಮುಟ್ಟಿದ. ಮೈ ತಣ್ಣಗಾಗಿತ್ತು.

ದಿನ ತುಂಬುತ್ತಿದ್ದ ಬಸುರಿ ಹೆಣ ನೋಡಬಾರದೆಂದು ಹಿರಿಯರು ಶಿವಲಿಂಗವ್ವನನ್ನು ದೌಲತಬಿಯ ಮನೆಗೆ ಕಳಿಸಿದರು. ಅವಳು ಅಲ್ಲಿ ಗೋಡೆಗೆ ಕಿವಿ ಹಚ್ಚಿ ಭಜನೆ ಕೇಳುತ್ತ ಕೂತಳು. ಈ ಕಡೆ ಸಂಗಯ್ಯನವರು, "ಅಕಿ ಲಿಂಗ ಎಲ್ಲೈತಿ ತರ್ರಿ" ಎಂದರು. ಜಗಲಿಯ ಮೇಲೆ ಬೆಳ್ಳಿಯ ಕರಡಿಗೆಯೂ ಅರಿವೆಯ ಗಂಟೂ ಇದ್ದವು. ಹೊಳಬಸಪ್ಪನಿಗೆ ಯೋಚಿಸುವ ಕಾರಣವೇ ಇರಲಿಲ್ಲ. ಆ ಬೆಳ್ಳಿ ಕರಡಿಗೆಯನ್ನು ಅವನು ತಾಯಿಯ ಎದೆಯ ಮೇಲೆ ಹಾಲು ಕುಡಿಯುವಾಗಿನಿಂದ ಕಂಡವನು. ಅರಿವೆಯಲ್ಲಿದ್ದದ್ದು ಕೂಸಿನದು, ಅದೂ ಅವನಿಗೆ ಗೊತ್ತು. ಕರಡಿಗೆ ತೆರೆದು ಅದರಲ್ಲಿದ್ದ ಲಿಂಗವನ್ನು ಕೊಟ್ಟ. ಊರ ಹೊರಗೆ ತಮ್ಮ ಹೊಲದ ಬದುವಿನಲ್ಲಿ ತೆಗೆದ ಗುಣಿಯಲ್ಲಿ ಸಂಗವ್ವನನ್ನು ಪದ್ಧತಿಯಂತೆ ಕುಳ್ಳಿರಿಸಿ, ಅವಳ ಎಡ ಅಂಗೈಯಲ್ಲಿ ಆ ಲಿಂಗವನ್ನಿಟ್ಟು, ಬೆರಳು ಮಡಿಸಿ, ವಿಭೂತಿ, ಪತ್ರಿ, ಮಣ್ಣು ಹಾಕಿದರು.

ಮರುದಿನ ಮುಂಜಾನೆ ಕೂಸಿನ ಲಿಂಗದ ಪೂಜೆಗೆಂದು ಶಿವಲಿಂಗವ್ವ ಕೆಂಪು ಅರಿವೆ ಬಿಚ್ಚಿದಳು. ಹೊಸ ಲಿಂಗವಲ್ಲ. ಮುಟ್ಟಿದರೆ ಹೆಬ್ಬೆರಳು ಕೂರುವ ಕಡೆ ಸಣ್ಣ ತಗ್ಗು. ಜನ್ಮವೆಲ್ಲ ಒಂದೇ ಬೆರಳು ಸವೆಸಿದ ತಗ್ಗು.

ಅವಳು ಚೀರಲಿಲ್ಲ. ಮಗ್ಗದ ಕುಣಿಯ ಹತ್ತಿರ ಹೋಗಿ ಅಂಗೈ ಚಾಚಿ ನಿಂತಳು.

"ಇದು ಕೂಸಿಂದಲ್ಲ. ಅತ್ತಿದು."

"ಏನಂತಿ?" ಎಂದ ಹೊಳಬಸಪ್ಪ, ಲಾಳಿ ನಿಲ್ಲಿಸಿ.

"ಅತ್ತಿ ನಿನ್ನೆ ಮುಂಜಾನೆ ಅದಲಬದಲ ಮಾಡಿದ್ರು. ಕರಡಗಿ ಕೂಸಿಗಿ ಕೊಡ್ತೇನಿ ಅಂದಿದ್ರು. ನೀವು ಕೂಸಿಂದನ್ನ ಅವರ ಕೈಯಾಗ ಇಟ್ಟು ಬಂದ್ರಿ."

ಅವನು ಬೆಳಕಿಗೆ ಹೋಗಿ ನೋಡಿದ. ಅವನ ಹೆಬ್ಬೆರಳು ತಾನೇ ತಗ್ಗಿಗೆ ಜಾರಿತು.

"ತಗಸ್ರಿ" ಎಂದಳು ಶಿವಲಿಂಗವ್ವ.

"ಏನ ತಗಸೂದು?"

"ಗದ್ದಗಿ."

"ಹುಚ್ಚಿ ಅದಿಯೇನ! ಕುಂತಾಕಿನ್ನ ಎಬ್ಬಸೂದು ಅಂದ್ರ ಏನು? ಹಂಗ ಯಾರರ ಮಾಡ್ಯಾರೇನು?"

"ಹಂಗಾರ ನನ್ನ ಕೂಸು ಮಣ್ಣಾಗ ಇರಲೇನು?"

ಹೊಳಬಸಪ್ಪ ಸಂಗಯ್ಯನವರಲ್ಲಿಗೆ ಹೋದ. ಅವರು ಎಲ್ಲ ಕೇಳಿಕೊಂಡರು. ಆಮೇಲೆ, "ತಪ್ಪು ಕೈದು, ಭಕ್ತಿದಲ್ಲ. ಗದ್ದಗಿಗಿ ಕೈ ಹಚ್ಚಬ್ಯಾಡ. ಹುಟ್ಟಿದ ಕೂಡ್ಲೆ ಕೂಸಿಗಿ ಬ್ಯಾರೆ ಲಿಂಗ ಕಟ್ಟೂಣು" ಎಂದರು. ಹೊಳಬಸಪ್ಪ ಹಗುರಾಗಿ ಬಂದು ಹೇಳಿದ. ಶಿವಲಿಂಗವ್ವ ಕೇಳಿಸಿಕೊಂಡಳು.

"ಹುಟ್ಟಿದ ಮ್ಯಾಲಿಂದು ಆತು. ಹುಟ್ಟಬೇಕಲ್ಲ" ಎಂದಳು. "ಅತ್ತಿ ಏನಂದಿದ್ರು ಗೊತ್ತೇನ್ರಿ? ನಾ ಬಿಡಂಗಿಲ್ಲ ಅಂದಿದ್ರು."

ಅವತ್ತಿನಿಂದ ಅವಳು ಅತ್ತೆಯ ಲಿಂಗಕ್ಕೂ ನೀರೆರೆಯಲಿಲ್ಲ, ಮೊದಲ ಸಾಲಿಗೂ ನೀರು ಹಾಕಲಿಲ್ಲ. ತನ್ನ ಲಿಂಗದ ನೀರನ್ನು ಎರಡನೆಯ ಸಾಲಿಗೆ ಹಾಕಿ ಒಳಗೆ ಬರುತ್ತಿದ್ದಳು. ಮೊದಲ ಸಾಲಿನ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ.

ಮೊದಲು ಕಂಡವಳು ದೌಲತಬಿ. ಗೋಡೆಯ ಮೇಲಿಂದ ಬಗ್ಗಿ, "ಏನಬೇ ಶಿವಲಿಂಗಿ, ಗ್ವಾಡಿ ಸಾಲಿಗಷ್ಟ ಭಾಳ ನೀರು ಬಿಟ್ಟೀಯಲ್ಲ! ಉಳದಾವು ಏನ್ ಮಲತಾಯಿ ಮಕ್ಕಳೇನು?" ಎಂದಳು.

ಶಿವಲಿಂಗವ್ವ ತಿರುಗಿ ನೋಡಿದಳು. ಮೊದಲ ಸಾಲು ತೊಯ್ದಿತ್ತು. ಉದ್ದಕ್ಕೂ ಅಲ್ಲ. ಒಂದೊಂದು ಗಡ್ಡೆಯ ಬುಡಕ್ಕೆ ಅಂಗೈಯಷ್ಟು ಅಗಲದ ಒದ್ದೆ. ನಡುನಡುವೆ ಮಣ್ಣು ಒಣಗಿ ಬೆಳ್ಳಗಿತ್ತು. ಕೊಡದಿಂದ ಸುರಿದರೆ ಹಾಗಾಗುವುದಿಲ್ಲ. ಬೊಗಸೆಯಿಂದ ಹನಿಸಿದರೆ ಹಾಗಾಗುತ್ತದೆ.

"ಇಬ್ಬನಿ" ಎಂದ ಹೊಳಬಸಪ್ಪ, ಕರೆದು ತೋರಿಸಿದಾಗ.

"ಇಬ್ಬನಿ ಸಾಲು ನೋಡಿ ಬೀಳತೈತೇನ್ರಿ?"

"ಗ್ವಾಡಿ ನೆರಳು ಐತಿ. ಅಲ್ಲಿ ಲಗೂನ ಆರಂಗಿಲ್ಲ, ಅಷ್ಟ."

ಹೇಳಿದನೇ ಹೊರತು ಅವನ ಮನಸ್ಸು ಒಪ್ಪಲಿಲ್ಲ. ಆ ಸಂಜೆ ಹೆಂಡತಿ ಒಳಗಿದ್ದಾಗ ಎರಡು ಈಚಲ ಚಾಪೆ ತಂದು ಮೊದಲ ಸಾಲಿನ ಮೇಲೆ ಹೊದಿಸಿ ಕಲ್ಲು ಹೇರಿದ. ಬೆಳಗಾಗುವ ಮುಂಚೆ ಬಂದು ಕೈ ಆಡಿಸಿದ. ಚಾಪೆ ಗರಿಗರಿ ಒಣಗಿತ್ತು. ಎತ್ತಿದ. ಕೆಳಗೆ ಪ್ರತಿ ಗಡ್ಡೆಯ ಬುಡಕ್ಕೂ ಆಗಷ್ಟೇ ಹನಿಸಿದಂತೆ ಒದ್ದೆ. ನೀರು ಮೇಲಿನಿಂದ ಬಿದ್ದದ್ದಲ್ಲ ಎಂಬ ಯೋಚನೆ ಬಂದ ಕೂಡಲೆ ಅವನ ಕಾಲುಗಳು ಆ ಸಾಲಿನಿಂದ ತಾವಾಗಿಯೇ ಹಿಂದೆ ಸರಿದವು. ಚಾಪೆ ಸುತ್ತಿಕೊಂಡು ಒಳಗೆ ಹೋದ. ಹೆಂಡತಿಗೆ ಹೇಳಲಿಲ್ಲ. ಆ ದಿನ ನೇಯ್ದ ಸೆರಗಿನಲ್ಲಿ ಎಳೆ ತಪ್ಪಿ, ಬಿಚ್ಚಿ ಮತ್ತೆ ನೇಯಬೇಕಾಯಿತು.

ಮಧ್ಯಾಹ್ನದ ಹೊತ್ತು ಓಣಿಯೆಲ್ಲ ಮಲಗಿ, ಮಗ್ಗಗಳ ಸದ್ದೂ ನಿಂತಾಗ, ಹಿತ್ತಲಿನಿಂದ ಒಂದು ಶಬ್ದ ಬರುತ್ತಿತ್ತು. ಶಿವಲಿಂಗವ್ವ ಮೊದಲು ಅದನ್ನು ಹಲ್ಲಿ ಎಂದುಕೊಂಡಳು. ಆಮೇಲೆ ಗೊತ್ತಾಯಿತು: ಒಣ ಮಣ್ಣು ನೀರು ಕುಡಿಯುವ ಸದ್ದು. ಚುಂಯ್ ಎಂದು ಸಣ್ಣಗೆ. ನಿಂತು, ಇನ್ನೊಂದು ಗಡ್ಡೆಯ ಬುಡದಲ್ಲಿ ಮತ್ತೆ ಚುಂಯ್. ಯಾರೋ ಕೂತಲ್ಲೇ ಸರಿಯುತ್ತ ಹೋದ ಹಾಗೆ. ಆ ಹೊತ್ತಿಗೆ ಸರಿಯಾಗಿ ಹೊಟ್ಟೆಯ ಕೂಸು ಹೊರಳಾಡುವುದನ್ನು ಬಿಟ್ಟು ಗಟ್ಟಿಯಾಗಿ ನಿಲ್ಲುತ್ತಿತ್ತು, ಯಾರದೋ ಕರೆ ಕೇಳಿಸಿಕೊಳ್ಳುವಂತೆ.

"ದೌಲತವ್ವ, ಕೂಸು ಆಡವಲ್ದು" ಎಂದು ಓಡಿ ಹೋದರೆ ಅವಳು ಹೊಟ್ಟೆ ಮುಟ್ಟಿ, "ಆಡತೈತಿ ತಗೋ, ನಿನ್ನಕಿಂತ ಗಟ್ಟಿ ಐತಿ" ಎನ್ನುತ್ತಿದ್ದಳು. ಮುಟ್ಟಿದ ಕೂಡಲೆ ಕೂಸು ಆಡುತ್ತಲೂ ಇತ್ತು.

ಶಿವರಾತ್ರಿ ಕಳೆಯಿತು. ಗಡ್ಡೆಗಳು ಬಲಿತು ಒಂದೊಂದೇ ಸಾಲಿನ ಕುತ್ತಿಗೆ ಬಿತ್ತು. ತಾಳು ಹಳದಿಯಾಗಿ, ಬಾಗಿ, ಒಂದರ ಮೇಲೊಂದು ಒರಗಿ, ಇಡೀ ಮಡಿ ದಣಿದು ಮಲಗಿದಂತೆ ಮಲಗಿತು. ಮೊದಲ ಸಾಲು ಮಾತ್ರ ಮಲಗಲಿಲ್ಲ. ಹಸಿರಾಗಿ, ನೆಟ್ಟಗೆ, ಮಲಗಿದವರ ನಡುವೆ ಒಬ್ಬಳೇ ಎಚ್ಚರಾಗಿ ಕೂತಂತೆ ನಿಂತಿತ್ತು. ಗಾಳಿಗೂ ಅಲುಗುತ್ತಿರಲಿಲ್ಲ.

"ಮಲಗೂ ಹೊತ್ತಿಗೆ ಮಲಗಬೇಕು ಅಂತಿದ್ರು" ಎಂದಳು ಶಿವಲಿಂಗವ್ವ. ಅವಳ ದನಿಯಲ್ಲಿ ಅಳುವಿರಲಿಲ್ಲ; ಬೇಡಿಕೆ ಇತ್ತು. ಯಾರಿಗೆ ಎಂದು ಹೊಳಬಸಪ್ಪ ಕೇಳಲಿಲ್ಲ.

ಮಲಗಿದ ಸಾಲುಗಳನ್ನೆಲ್ಲ ಅವನು ಕಿತ್ತು ಪಡಸಾಲೆಯ ನೆರಳಲ್ಲಿ ಹರವಿದ. ಪದ್ಧತಿಯಂತೆ ದೌಲತಬಿಯ ಮನೆಗೂ ಒಂದು ಬುಟ್ಟಿ ಹೋಯಿತು. ಮೊದಲ ಸಾಲಿಗೆ ಯಾರೂ ಕೈ ಹಾಕಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ, ಕೋಳಿ ಕೂಗುವ ಹೊತ್ತಿಗೆ ನೋವು ಕಾಣಿಸಿತು. ದೌಲತಬಿ ಬಿಸಿನೀರಲ್ಲಿ ಮೊಳಕೈ ತನಕ ಕೈ ತೊಳೆದು ಒಳಗೆ ಹೋದಳು. ಹೊಳಬಸಪ್ಪ ಹೊಸ್ತಿಲಾಚೆ ಕೂತ. ಪೂರ್ವದಲ್ಲಿ ಬಿಳುಪೇರುವಷ್ಟರಲ್ಲಿ ಒಳಗೆ ಶಿವಲಿಂಗವ್ವನ ಕೊನೆಯ ಕೂಗು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಆ ಮೌನ ಅವನಿಗೆ ಗುರುತಿನದು. ಎರಡು ಸಲ ಕೇಳಿದ್ದ.

ಬೆನ್ನು ತಟ್ಟುವ ಸದ್ದು ಬಂತು. ಮತ್ತೆ ತಟ್ಟುವ ಸದ್ದು.

"ದೌಲತವ್ವ..." ಶಿವಲಿಂಗವ್ವನ ದನಿ. "ಅಳವಲ್ದೇನು?"

"ತಡಿ ಅಂದ್ನಿ, ತಡಿ! ಲೇ ಹೊಳಬಸೂ, ಉಳ್ಳಾಗಡ್ಡಿ ಗುದ್ದಿ ಕೊಡು. ಮೂಗಿಗಿ ಹಿಡೀಬೇಕು. ಲಗೂ!"

ಅವನು ಪಡಸಾಲೆಯಲ್ಲಿ ಹರವಿದ್ದರಲ್ಲಿ ಒಂದನ್ನು ಗೋಡೆಗೆ ಗುದ್ದಿ ಒಡೆದು ಬಾಗಿಲ ಸಂದಿನಿಂದ ಕೊಟ್ಟ. ದೌಲತಬಿ ಅದನ್ನು ಕೂಸಿನ ಮೂಗಿಗೆ ಹಿಡಿದಳು. ಕೂಸು ಅಲುಗಲಿಲ್ಲ. ಇನ್ನೊಂದು ಕೊಟ್ಟ. ಅದರ ವಾಸನೆ ತಂಪಾಗಿತ್ತು, ಸಿಹಿಯಾಗಿತ್ತು. ಹೂವಿನ ವಾಸನೆಯಂತೆ ಬಂದು ಹಾಗೇ ಹೋಯಿತು.

"ಯಾ ಅಲ್ಲಾ, ಇವು ಯಾರನ್ನ ಎಬ್ಬಸ್ಯಾವು!" ಎಂದು ದೌಲತಬಿ ಕಿರುಚಿದಳು. "ಖಾರಂದು ಕೊಡೋ!"

"ನಿಮ್ಮ ಮನ್ಯಾಗ..."

"ನಮ್ಮ ಮನ್ಯಾಗೂ ನಿಮ್ಮವ! ಮೈ ಕಪ್ಪಾಗಾಕತ್ತೈತೋ, ಏನರ ಮಾಡೋ!"

ಆಗ ಒಳಗಿನಿಂದ ಶಿವಲಿಂಗವ್ವ ಹೇಳಿದಳು. ಕೂಗಲಿಲ್ಲ, ಕೂಗಲು ಶಕ್ತಿ ಇರಲಿಲ್ಲ. "ಮದಲಿನ ಸಾಲಿಂದು ಕೀಳ್ರಿ."

ಹೊಳಬಸಪ್ಪ ಹಿತ್ತಲಿಗೆ ಓಡಿದ. ಗೋಡೆಯ ಪಕ್ಕ ಆ ಸಾಲು ಅರೆಬೆಳಕಿನಲ್ಲಿ ಕಪ್ಪಗೆ ನಿಂತಿತ್ತು. ಮೊಣಕಾಲೂರಿ ಒಂದು ತಾಳನ್ನು ಬುಡಕ್ಕೆ ಹಿಡಿದು ಎಳೆದ. ಬರಲಿಲ್ಲ. ಆ ತೊಯ್ದ ಉಸುಕಿನಲ್ಲಿ ಮಗುವೂ ಕೀಳಬಹುದಾದ ಗಡ್ಡೆ. ಎರಡು ಕೈ ಹಚ್ಚಿ ಎಳೆದ. ಮಣ್ಣಲ್ಲಿ ಬೇರು ಹಿಡಿದರೆ ಅದು ಹಟದಿಂದ ಹಿಡಿಯುತ್ತದೆ, ಹರಿಯುತ್ತದೆ. ಇದು ಹಾಗಿರಲಿಲ್ಲ. ಅವನು ಎಳೆದಷ್ಟು ಕೆಳಗಿನಿಂದ ಎಳೆಯಿತು. ಅವನು ಸಡಿಲ ಬಿಟ್ಟರೆ ಅದೂ ಸಡಿಲಾಯಿತು. ಚಿಕ್ಕವನಿದ್ದಾಗ ಸಂತೆಯ ಗದ್ದಲದಲ್ಲಿ ಕೈ ಜಗ್ಗಿದಾಗ ತಾಯಿ ಹಿಡಿಯುತ್ತಿದ್ದಳಲ್ಲ, ಆ ಹಿಡಿತ.

ಅವನು ತಾಳು ಬಿಡದೆ ಬಾಯಿ ಮಣ್ಣಿಗೆ ತಾಗುವಷ್ಟು ಬಾಗಿದ.

"ಯವ್ವಾ" ಎಂದ. "ನೀ ಜ್ವಾಕ್ಯಾಗಿ ಹಿಡಕೊಂಡೀದಿ, ಖರೆ. ಸಾಕು. ಬಿಡು ಇನ್ನ."

ಕೆಳಗೆ ಏನೋ ತುಸು ತಡೆಯಿತು. ಆಮೇಲೆ ಬಿಟ್ಟಿತು.

ಗಡ್ಡೆ ಕೈಗೆ ಬಂದ ರಭಸಕ್ಕೆ ಅವನು ಹಿಂದಕ್ಕೆ ಬಿದ್ದ. ಎದ್ದು ಓಡುತ್ತಲೇ ಹೊಸ್ತಿಲಿಗೆ ಗುದ್ದಿ ಒಡೆದ. ಬಿರಿದ ಕೂಡಲೆ ಅದರ ಘಾಟು ಮುಖಕ್ಕೆ ಗುದ್ದಿತು. ಆ ಮನೆಯಲ್ಲಿ ಎಂದೂ ಇರದ ಘಾಟು, ಮೂಗಿನಿಂದ ನೆತ್ತಿಗೇರಿ ಕಣ್ಣು ಸುಟ್ಟಿತು. ಕುರುಡನಂತೆ ಕೈ ಚಾಚಿ ಒಳಗೆ ಕೊಟ್ಟ. ದೌಲತಬಿ ಕೆಮ್ಮಿದಳು, ಬೈದಳು, ಮತ್ತೆ ಕೆಮ್ಮಿದಳು.

ಆಮೇಲೆ ಕೂಸು ಅತ್ತಿತು.

ಮೊದಲು ಬೆಕ್ಕಿನ ಮರಿಯಂತೆ ಕೀರಲಾಗಿ, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ. ಹೊಳಬಸಪ್ಪ ಹೊಸ್ತಿಲ ಮೇಲೆ ಕುಸಿದು ಕಣ್ಣೊರೆಸಿಕೊಂಡ. ಕೈಗೆ ಹತ್ತಿದ್ದ ರಸ ಇನ್ನಷ್ಟು ಕಣ್ಣಿಗೆ ಹೋಗಿ ನೀರು ಧಾರಾಕಾರ ಸುರಿಯಿತು.

"ಅಳ್ರಿ, ಎಲ್ಲಾರೂ ಅಳ್ರಿ!" ಎಂದು ದೌಲತಬಿ ಮೂಗು ಒರೆಸುತ್ತ ನಕ್ಕಳು. "ಸಂಗಕ್ಕನ ಉಳ್ಳಾಗಡ್ಡಿ ಕಡೀಕೂ ಅಳಿಸಿ ಬಿಟ್ಟಿತು. ಹೆಣ್ಣ ಕೂಸೋ ಹೊಳಬಸೂ. ದನಿ ನೋಡು, ಥೇಟ ನಿಮ್ಮವ್ವ!"

ಕೂಸನ್ನು ತೊಳೆದು ಎದೆಯ ಮೇಲೆ ಮಲಗಿಸಿದಾಗ ಶಿವಲಿಂಗವ್ವ ಅದರ ಮುಖ ನೋಡುವ ಮೊದಲು ಎಡಗೈ ನೋಡಿದಳು. ಬಲಗೈ ಬಿಚ್ಚಿ ಗಾಳಿಯಲ್ಲಿ ಆಡುತ್ತಿತ್ತು. ಎಡಗೈ ಮುಷ್ಟಿ ಬಿಗಿದೇ ಇತ್ತು, ಹುಟ್ಟುವಾಗ ಬಿಗಿದದ್ದು, ತೊಳೆಯುವಾಗಲೂ ಬಿಚ್ಚದ್ದು. ಬೆರಳನ್ನು ಒಂದೊಂದಾಗಿ ಸರಿಸಿದಳು. ಎಳೆಯ ಅಂಗೈಯ ನಡುವೆ ಒಂದು ಚಿಟಿಕೆ ಬಿಳಿ ಉಸುಕು, ಒದ್ದೆಯಾಗಿ, ಬೆಚ್ಚಗೆ.

ದೌಲತಬಿ ನೋಡಿದಳು. ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

"ಉಳ್ಳಾಗಡ್ಡಿ ಬೇರಿಂದು ಹತ್ತಿರಬೇಕು" ಎಂದಳು.

"ಹೌದ್ರಿ" ಎಂದಳು ಶಿವಲಿಂಗವ್ವ.

ಬಿಸಿಲೇರಿದಾಗ ಹೊಳಬಸಪ್ಪ ಹಿತ್ತಲಿಗೆ ಹೋಗಿ ನೋಡಿದ. ಮೊದಲ ಸಾಲು ಮಲಗಿತ್ತು. ಎಲ್ಲ ತಾಳುಗಳೂ ಒಂದೇ ಕಡೆ, ಮನೆಯ ಬಾಗಿಲ ಕಡೆ ತಲೆ ಮಾಡಿ ಬಿದ್ದಿದ್ದವು. ಬುಡದ ಮಣ್ಣು ಒಣಗಿ ಬಿರಿದಿತ್ತು, ಬಹಳ ದಿನಗಳಿಂದ ನೀರು ಕಾಣದ ಮಣ್ಣಿನಂತೆ.

ಸುದ್ದಿ ಕೇಳಿ ಸಂಗಯ್ಯನವರು ಬಂದರು. ಕೂಸಿಗೆಂದು ಹೊಸ ಲಿಂಗ ತಂದಿದ್ದರು. ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಬೆಳ್ಳಿ ಕರಡಿಗೆಯಲ್ಲಿಟ್ಟು ಕಟ್ಟಿದರು. ಕೂಸು ಅಷ್ಟು ಹೊತ್ತೂ ಅಳದೆ ಅವರ ಗಡ್ಡವನ್ನೇ ನೋಡುತ್ತಿತ್ತು. ಅವರು ಏಳುವಾಗ ಶಿವಲಿಂಗವ್ವ ಕೆಂಪು ಅರಿವೆಯ ಗಂಟನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಇದನ್ನ ಅತ್ತಿಗಿ ಮುಟ್ಟಸ್ರಿ ಅಯ್ಯಾರ."

"ಹೊಳಿಗಿ ಬಿಡ್ತೇನಿ ತಾಯಿ. ಹೊಳಿಗಿ ಬಿಟ್ರ ಮುಟ್ಟಿದಂಗ."

ಶಿವಲಿಂಗವ್ವ ತಲೆಯಾಡಿಸಿದಳು. ಗಂಟನ್ನು ಕೈಬಿಡಲಿಲ್ಲ.

"ಹೊಳಿಗಿ ಬ್ಯಾಡ್ರಿ. ಗದ್ದಗಿ ಮ್ಯಾಲೆ ಒಂದೀಟು ಮಣ್ಣು ಸರಿಸಿ, ಎಡಗಡಿಗಿ ಇಟ್ಟು ಬರ್ರಿ" ಎಂದಳು. "ಕೂಸಿನ ಉಸುರು ಬಿಟ್ಟು ಕೊಟ್ಟಾರ. ಕತ್ತಲದಾಗ ಈಗ ಖಾಲಿ ಅಂಗೈ ಹಿಡಕೊಂಡು ಕುಂತಿರ್ತಾರ."